ಒಡೆಯ, ಒಡವೆ, ಒಡೆತನ

‘ಚೀನಾ ಒಡೆತನದ’ ಎಂಬ ವಿಶೇಷಣ ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ಬೇರೂರಿದ್ದು 2020ರಲ್ಲಿ. ಆ ವರ್ಷ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ತೆಲಂಗಾಣದ ಸೂರ್ಯಾಪೇಟೆಯ ಕರ್ನಲ್ ಸಂತೋಷ್ ಬಾಬು ಸೇರಿ 20 ಯೋಧರು ಹುತಾತ್ಮರಾದರು. ಎರಡೇ ವಾರದಲ್ಲಿ, ಜೂನ್ 29ರಂದು, ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಟಿಕ್‌ಟಾಕ್, ಹೆಲೊ, ವಿಚಾಟ್, ಶೇರ್‌ಇಟ್ ಮೊದಲಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಹಾಡು ಕುಣಿತದ ತುಣುಕುಗಳಿಗೂ ದೇಶದ ಭದ್ರತೆಗೂ ಏನು ಸಂಬಂಧ ಎಂದು ಕೇಳಿದವರಿಗೆ ಸಿಕ್ಕ ಉತ್ತರವೆಲ್ಲ ಒಂದೇ ಪದದ ಸುತ್ತ ಇತ್ತು: ಒಡೆತನ.

ಇದು ಅಚ್ಚ ದ್ರಾವಿಡ ಪದ. ತಮಿಳಿನ ‘ಉಡೈ’ ಎಂದರೆ ಹೊಂದಿರುವುದು. ಅಲ್ಲಿ ‘ಎನ್ನುಡೈಯ’ ಎಂದರೆ ‘ನನ್ನ’ ಅಷ್ಟೆ. ಗತ್ತಿಲ್ಲದ, ದಿನಬಳಕೆಯ ಮಾತು. ತೆಲುಗಿನಲ್ಲಿ ‘ಒಡಯುಡು’ ಇದೆ. ಕನ್ನಡದಲ್ಲಂತೂ ಒಡೆಯ, ಒಡತಿ, ಒಡಮೆ, ಒಡವೆ ಎಂದು ಕುಟುಂಬವೇ ಬೆಳೆದಿದೆ. (ಮಡಕೆ ಒಡೆಯುವ ‘ಒಡೆ’ ಬೇರೆ ಬೇರಿನದು, ಎರಡನ್ನೂ ಬೆಸೆಯುವ ಆಸೆಗೆ ಬೀಳಬಾರದು.) ಒಡವೆ ಮೊದಲಿಗೆ ಯಾವುದೇ ಸ್ವತ್ತು, ಯಾವುದೇ ವಸ್ತು. ಆಮೇಲೆ ಅದರ ಅರ್ಥ ಕಿರಿದಾಗುತ್ತ ಬಂದು ಮೈಮೇಲಿನ ಬಂಗಾರದ ಮೇಲೆ ನಿಂತಿತು. ಬಂಗಾರದ ವ್ಯಾಪಾರಕ್ಕೆ ಹೆಸರಾದ ನಾರಾಯಣಪೇಟೆಯಂಥ ಊರಿನಲ್ಲಿ ಹೊಲಮನೆಯನ್ನು ಒಡವೆ ಎಂದರೆ ಯಾರಿಗೂ ತಿಳಿಯಲಿಕ್ಕಿಲ್ಲ.

ಒಡವೆ ಕುಗ್ಗಿದಷ್ಟೂ ಒಡೆಯ ಹಿಗ್ಗಿದ. ಚೋಳರ ಶಾಸನಗಳಲ್ಲಿ ದೊರೆಯೂ ‘ಉಡೈಯಾರ್’, ಗುಡಿಯ ದೇವರೂ ‘ಉಡೈಯಾರ್’. ವಚನಕಾರರಿಗೆ ಶಿವನೇ ಒಡೆಯ. ಮೈಸೂರಿನ ಅರಸರು ಈ ಪದವನ್ನೇ ಮನೆತನದ ಹೆಸರಾಗಿ ಹೊತ್ತರು. ‘ನನ್ನ ಹತ್ತಿರ ಇದೆ’ ಎಂಬುದರಿಂದ ಹೊರಟ ಪದ ‘ನಾನು ಆಳುತ್ತೇನೆ’ ಎಂಬಲ್ಲಿಗೆ ತಲುಪಿತು. ಇದು ನಮ್ಮೊಬ್ಬರದೇ ಹಾದಿಯಲ್ಲ. ನಿಜಾಮರ ಸೀಮೆಯಲ್ಲಿ ನಿತ್ಯ ಕೇಳುವ ‘ಮಾಲಕ’ ಅರಬ್ಬಿಯಿಂದ ಬಂದದ್ದು. ಆ ಭಾಷೆಯಲ್ಲಿ ಮಾಲಿಕ್ ಎಂದರೆ ಸ್ವತ್ತುಳ್ಳವನು, ಮಲಿಕ್ ಎಂದರೆ ಅರಸ, ಮುಲ್ಕ್ ಎಂದರೆ ರಾಜ್ಯ; ಮೂರಕ್ಕೂ ಬೇರು ಒಂದೇ. ಹೈದರಾಬಾದಿನ ನೌಕರಿಗಳಲ್ಲಿ ನೆಲದ ಮಕ್ಕಳ ಪಾಲಿಗಾಗಿ ನಡೆದ ‘ಮುಲ್ಕಿ’ ಚಳವಳಿಯ ಹೆಸರೂ ಅಲ್ಲಿಂದಲೇ ಬಂತು. ಇರಿಸಿಕೊಳ್ಳುವುದಕ್ಕೂ ಆಳುವುದಕ್ಕೂ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂದು ಎರಡು ಭಾಷಾಕುಲಗಳು ಬೇರೆಬೇರೆಯಾಗಿಯೇ ಕಂಡುಕೊಂಡಿವೆ.

ಗದ್ವಾಲದ ಕಥೆಯನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ‘ನಡಿಗಡ್ಡ’ಯನ್ನು ಆಳಿದವರು ಹೆಸರಿನ ಕೊನೆಗೆ ‘ಭೂಪಾಲ’ ಎಂದು ಸೇರಿಸಿಕೊಂಡ ಸಂಸ್ಥಾನದವರು. ಕೋಟೆ ಅವರದು, ಹೊಲದ ಕಂದಾಯ ಅವರದು. ಆದರೆ ಅವರು ನಿಜಾಮರಿಗೆ ಪೇಷ್ಕಷ್ ಎಂಬ ಕಪ್ಪ ಕಟ್ಟಬೇಕಿತ್ತು. ಆ ನಿಜಾಮರು ಬ್ರಿಟಿಷರ ಪರಮಾಧಿಕಾರಕ್ಕೆ ತಲೆಬಾಗಿದ್ದರು. ಒಡೆಯನ ಮೇಲೊಬ್ಬ ಒಡೆಯ, ಅವನ ಮೇಲೆ ಮತ್ತೊಬ್ಬ. ಹೊಲದಲ್ಲಿ ಬೆವರು ಸುರಿಸಿದವನು ಈ ಸಾಲಿನಲ್ಲಿ ಎಲ್ಲೂ ಇಲ್ಲ.

ಅವನನ್ನು ಸಾಲಿಗೆ ತಂದದ್ದು ಕಾನೂನು, ಅದೂ ಬಹಳ ಹೊಡೆದಾಟದ ನಂತರ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಹೀಗಿದ್ದೂ ಹೈದರಾಬಾದ್ ರಾಜ್ಯದ 1950ರ ಕೌಲುದಾರಿ ಕಾಯ್ದೆ ಆಂಧ್ರದ ಆ ದಡದಲ್ಲಿ ಉಳಿಯಿತು. ಅದರ 38-ಇ ಕಲಮಿನ ಪ್ರಕಾರ 1973ರಿಂದ ಸಂರಕ್ಷಿತ ಕೌಲುದಾರರು ತಾವು ಉಳುವ ನೆಲಕ್ಕೆ ತಾವೇ ಮಾಲಕರಾದರು. ಕರ್ನಾಟಕದ ಈ ದಡದಲ್ಲಿ 1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಯಾಯಿತು. ಕಾಗೋಡಿನ ಗೇಣಿದಾರರು 1951ರಲ್ಲಿ ಹೂಡಿದ ಹೋರಾಟದ ಹಂಬಲ ‘ಉಳುವವನೇ ಹೊಲದೊಡೆಯ’ ಎಂಬ ಎರಡೇ ಮಾತಿನ ಘೋಷಣೆಯಲ್ಲಿ ಸರ್ಕಾರದ ಬಾಯಿಗೂ ಬಂತು. ಒಡೆಯ ಎಂಬ ಪದದ ಬಾಳಿನಲ್ಲಿ ಇಷ್ಟು ದೊಡ್ಡ ತಿರುವು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ದೇವರು, ದೊರೆ, ಜಮೀನ್ದಾರರ ಬಳಿಯಿದ್ದ ಪದ ಮೊದಲ ಸಲ ದುಡಿಯುವವನ ಹೆಸರಿಗೆ ನೋಂದಣಿಯಾಯಿತು.

ಈಗ ಮತ್ತೆ ಆ್ಯಪ್‌ಗಳಿಗೆ ಬರೋಣ. ಟಿಕ್‌ಟಾಕ್, ಹೆಲೊ ಎರಡಕ್ಕೂ ಒಡೆಯ 2012ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಬೈಟ್‌ಡ್ಯಾನ್ಸ್. ಆ ಕಂಪನಿಯ ಮೇಲೊಬ್ಬ ಒಡೆಯನಿದ್ದಾನೆ: ಚೀನಾದ 2017ರ ರಾಷ್ಟ್ರೀಯ ಗುಪ್ತಚರ ಕಾನೂನು ಅಲ್ಲಿನ ಸಂಸ್ಥೆಗಳೆಲ್ಲ ಗುಪ್ತಚರ ಕೆಲಸಕ್ಕೆ ಸಹಕರಿಸಬೇಕೆನ್ನುತ್ತದೆ. ಕೋಟ್ಯಂತರ ಜನರ ಮುಖ, ದನಿ, ಓಡಾಟದ ಜಾಡು ಕೇಳಿದ ದಿನ ಪೇಷ್ಕಷ್ ಆಗಿ ಸಲ್ಲಬಹುದು ಎಂಬ ಭಯ ಹುಸಿಯಲ್ಲ. ಭಾರತ ಬಾಗಿಲು ಮುಚ್ಚಿತು. ಅಮೆರಿಕ ಬೇರೆ ದಾರಿ ಹಿಡಿದು ಒಡೆತನವನ್ನು ಅಳತೆಗೆ ತಂದಿತು. ಅಲ್ಲಿನ 2024ರ ಏಪ್ರಿಲ್ ಕಾನೂನಿನಂತೆ, ವೈರಿ ದೇಶವೆಂದು ಗುರುತಿಸಿದ ನಾಡಿನವರ ಪಾಲು ಶೇ 20 ಮುಟ್ಟಿದರೆ ಕಂಪನಿ ಅವರ ಹಿಡಿತದಲ್ಲಿದೆ ಎಂದೇ ಲೆಕ್ಕ. 2025ರ ಜನವರಿ 17ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು.

ನಮ್ಮಲ್ಲೂ ಈ ಪಾಲಿನ ಲೆಕ್ಕ ನಡೆದಿದೆ. ಬೆಂಗಳೂರಿನಲ್ಲಿ ಹುಟ್ಟಿದ ‘ಕೂ’ ದೇಸಿ ಟ್ವಿಟರ್ ಎಂದು ಹೊಗಳಿಸಿಕೊಳ್ಳುತ್ತಿದ್ದಾಗಲೇ ಅದರ ಮಾತೃಸಂಸ್ಥೆಯಲ್ಲಿ ಚೀನಾದ ಶುನ್ವೈ ಕ್ಯಾಪಿಟಲ್‌ನ ಹಣವಿರುವುದು ಸುದ್ದಿಯಾಯಿತು. 2021ರಲ್ಲಿ ಆ ಪಾಲನ್ನು ಕೊಂಡವರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಒಬ್ಬರು. ಒಡೆತನ ಮನೆಗೆ ಬಂತು. ಆದರೂ 2024ರ ಜುಲೈನಲ್ಲಿ ಕೂ ಬಾಗಿಲು ಹಾಕಿತು.

ಈ ಎಲ್ಲ ಲೆಕ್ಕದಲ್ಲಿ ಬರೆದವರು, ಹಾಡಿದವರು, ಚಿತ್ರ ಹಾಕಿದವರು ಎಲ್ಲಿದ್ದಾರೆ? ಅವರಿಗೆ ಸಿಕ್ಕಿರುವ ಹೆಸರು ‘ಬಳಕೆದಾರ’. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್, ಖಾತೆಗಳನ್ನು ತಡೆಯುವ 69ಎ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ವಿದೇಶಿ ಕಂಪನಿಗೆ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ದಕ್ಕುವುದಿಲ್ಲ. ಅದು ನಾಗರಿಕರ ಹಕ್ಕು. ಸರಿಯೇ. ಆದರೆ ಅಲ್ಲಿ ಅರ್ಜಿದಾರನಾಗಿ ನಿಂತದ್ದು ಕಂಪನಿ, ಬಾಯಿ ಮುಚ್ಚಿಸಿಕೊಂಡದ್ದು ಖಾತೆದಾರ. ಪರಮಾಧಿಕಾರದ ಒಡೆಯನಿಗೂ ಬಂಡವಾಳದ ಒಡೆಯನಿಗೂ ವ್ಯಾಜ್ಯ ನಡೆಯುವಾಗ ಉಳುವವನು ಬದುವಿನ ಮೇಲೇ ನಿಂತಿರುತ್ತಾನೆ. ಬೀಜಿಂಗ್‌ನಿಂದ ಬೇರೊಂದು ಊರಿಗೆ ಒಡೆತನ ದಾಟಿದರೆ ಅವನ ಪಾಡು ಬದಲಾಗುತ್ತದೆಂದು ನಾನು ಒಪ್ಪಲಾರೆ.

ಬಳಕೆದಾರನ ಕಡೆಗೂ ಕಾನೂನು ಕಣ್ಣು ಹಾಯಿಸಿದ್ದುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದಾಗಿ ಆರು ವರ್ಷಕ್ಕೆ, 2023ರಲ್ಲಿ, ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಅದು ಕಂಪನಿಯನ್ನು ಒಡೆಯ ಎನ್ನುವುದಿಲ್ಲ, ನಂಬಿ ಕೊಟ್ಟದ್ದನ್ನು ಕಾಯುವವನ ಸ್ಥಾನದಲ್ಲಿ ಇಡುತ್ತದೆ. ತಿದ್ದಿಸುವ, ಅಳಿಸಿಹಾಕಿಸುವ ಹಕ್ಕನ್ನು ನಮಗೆ ಕೊಡುತ್ತದೆ. 2019ರ ಮಸೂದೆಯಲ್ಲಿ ಇನ್ನೂ ಒಂದು ಹಕ್ಕಿತ್ತು: ನಮ್ಮ ದತ್ತಾಂಶವನ್ನು ಒಂದು ಕಂಪನಿಯಿಂದ ಎತ್ತಿಕೊಂಡು ಇನ್ನೊಂದಕ್ಕೆ ಒಯ್ಯುವುದು. 2023ರ ಕಾಯ್ದೆಯಲ್ಲಿ ಅದು ಇಲ್ಲ. ಅದನ್ನು ಮರಳಿ ಸೇರಿಸಲೇಬೇಕು.