ಖಾತೆದಾರರೇ ಕಳಿಸಿದ ಹಣ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ವರ್ಗಾವಣೆ ವಂಚನೆ ಮತ್ತು ಮರುಪಾವತಿಯ ಹಕ್ಕು

2020ರ ಕೊನೆಯಲ್ಲಿ ತುಮಕೂರು ನಗರದ ಅನೇಕ ಖಾತೆಗಳಿಂದ ಖಾತೆದಾರರ ಅರಿವಿಗೆ ಬಾರದೆ ಹಣ ಹೋಯಿತು. ಎಟಿಎಂ ಯಂತ್ರಗಳಲ್ಲಿ ಸ್ಕಿಮ್ಮರ್ ಅಡಗಿಸಿಟ್ಟು ಕಾರ್ಡುಗಳ ಮಾಹಿತಿ ಕದ್ದ ಆ ಪ್ರಕರಣದಲ್ಲಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸರು ಇಬ್ಬರು ವಿದೇಶಿಯರನ್ನು ಬಂಧಿಸಿದರು. ಹಣ ಕಳೆದುಕೊಂಡವರ ಸ್ಥಾನ ಕಾನೂನಿನ ದೃಷ್ಟಿಯಲ್ಲಿ ಜಟಿಲವೇನಲ್ಲ: ಕಾರ್ಡು ಅವರ ಜೇಬಿನಲ್ಲೇ ಇತ್ತು, ಹಣ ತೆಗೆದವರು ಬೇರೆ. ಈಗ ಊರೂರಿಗೆ ಬಂದಿರುವ ವಂಚನೆ ಆ ಬಗೆಯದಲ್ಲ. ಷೇರು ಹೂಡಿಕೆಯ ವಾಟ್ಸಾಪ್ ಗುಂಪು, ಮನೆಯಲ್ಲೇ ಕುಳಿತು ಮಾಡುವ ಕೆಲಸ, ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ 'ಡಿಜಿಟಲ್ ಅರೆಸ್ಟ್' ಇವೆಲ್ಲದರಲ್ಲೂ ಖಾತೆದಾರರೇ ಪಿನ್ ಒತ್ತುತ್ತಾರೆ, ಇಲ್ಲವೇ ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಚೀಟಿ ತುಂಬುತ್ತಾರೆ. ನಮ್ಮ ಗ್ರಾಹಕ ರಕ್ಷಣೆಯ ನಿಯಮಗಳು ಮೊದಲ ಬಗೆಯ ಕಳವಿಗಾಗಿ ಹೆಣೆದವು. ಎರಡನೆಯದರಲ್ಲಿ ಸೋತವರಿಗೆ ಮರುಪಾವತಿಯ ಹಕ್ಕು ಬಹುತೇಕ ಇಲ್ಲ. ಈ ಕೊರತೆಯನ್ನು ತುಂಬಬೇಕಾದದ್ದು ಹಣ ಕಳಿಸಿದವರ ಎಚ್ಚರಿಕೆಯಿಂದಲ್ಲ, ಹಣ ಬಂದು ಬಿದ್ದ ಖಾತೆಯನ್ನು ತೆರೆದುಕೊಟ್ಟ ಬ್ಯಾಂಕಿನ ಹೊಣೆಯಿಂದ ಎಂಬುದು ಈ ಲೇಖನದ ವಾದ.

ರಕ್ಷಣೆಯ ಮೂಲ ದಾಖಲೆ ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರತ್ಯೇಕ ಸುತ್ತೋಲೆ ಬಂತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರ ಹೊಣೆ ಶೂನ್ಯ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಸೋರಿಕೆಯಾಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ಶೂನ್ಯ ಹೊಣೆ. ನಾಲ್ಕರಿಂದ ಏಳು ದಿನವಾದರೆ ಮೂಲ ಉಳಿತಾಯ ಖಾತೆಗೆ ಗರಿಷ್ಠ 5,000 ರೂಪಾಯಿ, ಉಳಿದ ಉಳಿತಾಯ ಖಾತೆಗಳಿಗೆ 10,000 ರೂಪಾಯಿ ನಷ್ಟ ಗ್ರಾಹಕರದು. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳಲ್ಲಿ ದೂರು ಇತ್ಯರ್ಥಪಡಿಸಬೇಕು. ಹೊಣೆ ಗ್ರಾಹಕರದೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ.

5,000 ಎಂಬ ಮಿತಿ ಸಣ್ಣದಾಗಿ ಕಾಣಬಹುದು. ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನೇ ನೆಚ್ಚಿಕೊಂಡ ಗುಬ್ಬಿ ತಾಲ್ಲೂಕಿನ ಹೆಣ್ಣುಮಗಳಿಗೆ ಅದು ಎರಡೂವರೆ ತಿಂಗಳ ಕಂತು. ಹಾಗಾಗಿ ಮೂರು ದಿನದ ಲೆಕ್ಕ ಮುಖ್ಯ. ಕೆಲಸದ ದಿನಗಳನ್ನು ಗ್ರಾಹಕರ ಸ್ವಂತ ಶಾಖೆಯ ವೇಳಾಪಟ್ಟಿಯಂತೆ ಎಣಿಸಬೇಕು, ಸಂದೇಶ ಬಂದ ದಿನವನ್ನು ಬಿಡಬೇಕು ಎಂದು ಸುತ್ತೋಲೆಯೇ ಹೇಳುತ್ತದೆ. ಕುಣಿಗಲ್ ಶಾಖೆಯ ಗ್ರಾಹಕರಿಗೆ ಎರಡನೇ ಶನಿವಾರದ ಹಿಂದಿನ ದಿನ ಸಂದೇಶ ಬಂದರೆ ಎಣಿಕೆ ಶುರುವಾಗುವುದು ಸೋಮವಾರ. 'ಗಡುವು ಮುಗಿಯಿತು' ಎಂಬ ಮಾತು ಕೇಳಿ ಕೌಂಟರಿನಿಂದ ಹಿಂದಿರುಗುವ ಮುನ್ನ ಈ ಎಣಿಕೆಯನ್ನು ಬರೆದು ತೋರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಆದರೆ ಸುತ್ತೋಲೆಯ ಶೀರ್ಷಿಕೆಯಲ್ಲೇ 'ಅನಧಿಕೃತ' ವಹಿವಾಟು ಎಂಬ ಗೆರೆ ಇದೆ. ಪಾವತಿಯ ಗುಟ್ಟನ್ನು ಹಂಚಿಕೊಂಡವರು ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ಣ ನಷ್ಟವನ್ನು ತಾವೇ ಹೊರಬೇಕು; ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಗ್ರಾಹಕರ ನಿರ್ಲಕ್ಷ್ಯವಿದ್ದರೂ ಹೊಣೆಯನ್ನು ಮನ್ನಾ ಮಾಡುವ ವಿವೇಚನೆ ಬ್ಯಾಂಕಿಗಿದೆ ಎಂಬ ಸಾಲೂ ಅಲ್ಲಿದೆ. ಅರ್ಜಿಗಳಲ್ಲಿ ಅದನ್ನು ಉಲ್ಲೇಖಿಸಬೇಕು. 2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಗುವಾಹಟಿಯ ಗ್ರಾಹಕರೊಬ್ಬರ 94,204 ರೂಪಾಯಿ ನಷ್ಟದ ಪ್ರಕರಣದಲ್ಲಿ ಸ್ಟೇಟ್ ಬ್ಯಾಂಕಿನ ಮೇಲ್ಮನವಿಯನ್ನು ತಳ್ಳಿಹಾಕಿತು. ಆ ಗ್ರಾಹಕರು 24 ಗಂಟೆಯೊಳಗೆ ದೂರು ಕೊಟ್ಟಿದ್ದರು. ತೀರ್ಪು ಸಮಾಧಾನ ತರುವಂಥದ್ದೇ, ಆದರೂ ಅದು ಗೆರೆಯ ಈಚೆಗೇ ನಿಲ್ಲುತ್ತದೆ: ಅಲ್ಲಿ ಹಣ ಹೋದದ್ದು ಗ್ರಾಹಕರ ಒಪ್ಪಿಗೆಯಿಲ್ಲದೆ.

ಅಡಿಕೆ, ತೆಂಗು ನೆಚ್ಚಿದ ಸೀಮೆಯಲ್ಲಿ ಆದಾಯ ತಿಂಗಳ ಸಂಬಳದಂತೆ ಬರುವುದಿಲ್ಲ. ಫಸಲು ಮಾರಿದಾಗ ಒಂದೇ ಸಲ ದೊಡ್ಡ ಮೊತ್ತ ಖಾತೆಗೆ ಬೀಳುತ್ತದೆ. ಹೆದರಿಕೆಯಿಂದಲೋ ಆಸೆಯಿಂದಲೋ ಮಾಡಿದ ಒಂದು ವರ್ಗಾವಣೆ ವರ್ಷದ ದುಡಿಮೆಯನ್ನೇ ಒಯ್ಯಬಲ್ಲದು. ಇಂಥವರಿಗೆ ಇರುವ ದಾರಿ 1930 ಸಹಾಯವಾಣಿ. 2021ರಲ್ಲಿ 155260 ಎಂಬ ಸಂಖ್ಯೆಯಲ್ಲಿ ಆರಂಭವಾದ ಈ ವ್ಯವಸ್ಥೆ ದೂರನ್ನು ಹಣ ಹೋದ ಬ್ಯಾಂಕಿಗೂ ಹಣ ಸೇರಿದ ಬ್ಯಾಂಕಿಗೂ ತಲುಪಿಸುತ್ತದೆ. ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ಮುಂದಿನ ಖಾತೆಗೆ ದಾಟಿದ್ದರೆ ದೂರು ಅದನ್ನು ಹಿಂಬಾಲಿಸುತ್ತದೆ. ಖಾತೆಯಿಂದ ಖಾತೆಗೆ ಹಣ ಹರಿಯುವ ವೇಗದ ಮುಂದೆ ಗಂಟೆಗಳೂ ಹೆಚ್ಚಾಗುತ್ತವೆ. ಆದ್ದರಿಂದ ಮೊದಲು ಕರೆ, ಆಮೇಲೆ ಠಾಣೆ. ಗುಬ್ಬಿ, ಕುಣಿಗಲ್ ಠಾಣೆಗಳಲ್ಲೇ ದೂರು ಕೊಡಬಹುದು, ತುಮಕೂರಿನ ಸಿಇಎನ್ ಠಾಣೆಗೇ ಓಡಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ವ್ಯಾಪ್ತಿಯ ನೆಪವನ್ನು ತೆಗೆದುಹಾಕಿದೆ. ವಿದ್ಯುನ್ಮಾನ ದೂರಿಗೆ ಮೂರು ದಿನದಲ್ಲಿ ಸಹಿ ಮಾಡಿದರೆ ಸಾಕು.

ತಡೆಹಿಡಿದ ಹಣ ತಾನಾಗಿ ಮನೆಗೆ ಬಾರದು. ಅದೇ ಸಂಹಿತೆಯ 106ನೇ ಕಲಮಿನಡಿ ವಶಪಡಿಸಿಕೊಂಡದ್ದನ್ನು 503ನೇ ಕಲಮಿನಂತೆ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದು ಮರುಪಾವತಿಯಲ್ಲ, ಸಿಕ್ಕಿದಷ್ಟನ್ನು ಹಿಂದಿರುಗಿಸುವ ಕ್ರಮ. ಸಿಗದ ಹಣದ ನಷ್ಟ ಯಾರದು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ.

ಬ್ರಿಟನ್ನಿನಲ್ಲೂ ಉತ್ತರ ನ್ಯಾಯಾಲಯದಿಂದ ಬರಲಿಲ್ಲ. ಗ್ರಾಹಕರ ಸ್ಪಷ್ಟ ಆದೇಶವನ್ನು ಪಾಲಿಸುವುದೇ ಬ್ಯಾಂಕಿನ ಕರ್ತವ್ಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಜುಲೈನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಶಾಸನ ಬೇರೆ ದಾರಿ ಹಿಡಿಯಿತು. 2024ರ ಅಕ್ಟೋಬರ್ 7ರಿಂದ, ವಂಚನೆಗೊಳಗಾಗಿ ತಾವೇ ಕಳಿಸಿದ ದೇಶದೊಳಗಿನ ಹಣಕ್ಕೂ 85,000 ಪೌಂಡ್‌ವರೆಗೆ ಮರುಪಾವತಿ ಕಡ್ಡಾಯ. ವೆಚ್ಚವನ್ನು ಕಳಿಸಿದ ಸಂಸ್ಥೆ ಮತ್ತು ಪಡೆದ ಸಂಸ್ಥೆ ಅರ್ಧರ್ಧ ಹೊರಬೇಕು. ನನಗೆ ಇದರಲ್ಲಿ ಹೆಚ್ಚು ಮಹತ್ವದ್ದಾಗಿ ಕಾಣುವುದು ಮೊತ್ತವಲ್ಲ, ಆ ಅರ್ಧ. ಬಾಡಿಗೆ ಖಾತೆಯನ್ನು, ಅಂದರೆ ವಂಚಕರು ಹಣ ಪಡೆಯಲು ಬೇರೆಯವರ ಹೆಸರಿನಲ್ಲಿ ಬಳಸುವ ಖಾತೆಯನ್ನು, ಪರಿಶೀಲಿಸದೆ ತೆರೆದ ಬ್ಯಾಂಕಿಗೆ ಅದರಿಂದ ನಷ್ಟವಾಗದಿದ್ದರೆ ಪರಿಶೀಲನೆ ಕಾಗದದಲ್ಲೇ ಉಳಿಯುತ್ತದೆ. ನಮ್ಮಲ್ಲಿ 2010ರಿಂದ ನೆಫ್ಟ್, ಆರ್‌ಟಿಜಿಎಸ್ ಹಣ ಜಮಾ ಮಾಡಲು ಖಾತೆ ಸಂಖ್ಯೆಯೊಂದೇ ಸಾಕಿತ್ತು. ಹೆಸರು ಹೊಂದದಿದ್ದರೂ ಹೊಣೆ ಕಳಿಸಿದವರದು. 2024ರ ಡಿಸೆಂಬರ್ 30ರ ಆದೇಶದಂತೆ ಹಣ ಕಳಿಸುವ ಮುನ್ನ ಪಡೆಯುವವರ ಹೆಸರು ತೋರಿಸುವ ಸೌಲಭ್ಯ ಬಂದಿದೆ. ಒಳ್ಳೆಯದೇ. ಆದರೆ ಯಾರೋ ಅಪರಿಚಿತರ ನಿಜ ಹೆಸರಿನಲ್ಲೇ ಇರುವ ಬಾಡಿಗೆ ಖಾತೆಯ ಮುಂದೆ ಹೆದರಿ ಕುಳಿತ ವೃದ್ಧರಿಗೆ ಆ ಹೆಸರು ಏನನ್ನೂ ಹೇಳದು.

ಹಾಗಾದರೆ ತುಮಕೂರಿನ ದೂರುದಾರರು ಇಂದೇ ಏನು ಮಾಡಬಹುದು? ಹಣ ಪಡೆದ ಬ್ಯಾಂಕಿನ ಮೇಲೂ ಲಿಖಿತ ದೂರು ಕೊಡಬೇಕು: ಖಾತೆ ತೆರೆಯುವಾಗ ಗುರುತಿನ ಪರಿಶೀಲನೆ ಹೇಗಾಯಿತು, ಹಠಾತ್ತನೆ ಬಂದ ದೊಡ್ಡ ಮೊತ್ತಗಳ ಮೇಲೆ ನಿಗಾ ಇತ್ತೇ, 1930ರ ಸೂಚನೆ ತಲುಪಿದ ಎಷ್ಟು ಹೊತ್ತಿಗೆ ಹಣ ತಡೆಯಲಾಯಿತು. ಕೊನೆಯ ಪ್ರಶ್ನೆಗೆ ಗಂಟೆ, ನಿಮಿಷಗಳ ಉತ್ತರ ಬೇಕು. ಸೂಚನೆ ತಲುಪಿದ ಮೇಲೂ ಹಣ ಹೋಗಿದ್ದರೆ ಅದು ಸೇವಾಲೋಪವೆಂದು ವಾದಿಸಲು ಜಿಲ್ಲಾ ಗ್ರಾಹಕರ ಆಯೋಗ ತುಮಕೂರಿನಲ್ಲೇ ಇದೆ, ದೂರುದಾರರು ವಾಸಿಸುವ ಸ್ಥಳದಲ್ಲೇ ದಾವೆ ಹೂಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಕಲಮಿನಡಿ ರಾಜ್ಯದ ನ್ಯಾಯನಿರ್ಣಯ ಅಧಿಕಾರಿ 5 ಕೋಟಿ ರೂಪಾಯಿವರೆಗಿನ ಕ್ಲೇಮುಗಳನ್ನು ಕೇಳಬಲ್ಲರು. ಈ ದಾರಿ ಹಿಡಿಯುವವರು ಕಡಿಮೆ.

ಇನ್ನೊಂದು ತೊಡಕು ಉಳಿದಿದೆ. ಒಂದೇ ಬಾಡಿಗೆ ಖಾತೆಗೆ ಗುಬ್ಬಿಯಿಂದಲೂ ದೂರದ ರಾಜ್ಯಗಳಿಂದಲೂ ಹಣ ಬಿದ್ದಿರುತ್ತದೆ. ತಡೆದದ್ದು ಅದರ ಒಂದು ಭಾಗ. ಮೊದಲು ಆದೇಶ ತಂದವರಿಗೇ ಎಲ್ಲವನ್ನೂ ಕೊಟ್ಟರೆ ತಾಲ್ಲೂಕು ನ್ಯಾಯಾಲಯದ ಸರದಿಯಲ್ಲಿ ಕಾದವರಿಗೆ ಏನೂ ಉಳಿಯದು. ಕಳೆದುಕೊಂಡ ಮೊತ್ತದ ಪ್ರಮಾಣಕ್ಕೆ ತಕ್ಕಂತೆ ಹಂಚುವುದೇ ನ್ಯಾಯ. ಅದಕ್ಕೆ ಬೇಕಾದ ಲೆಕ್ಕ, ಅಂದರೆ ಯಾರು, ಯಾವಾಗ, ಎಷ್ಟು ಕಳಿಸಿದರು ಎಂಬುದು, ಪ್ರತಿ ದೂರಿನ ಸ್ವೀಕೃತಿ ಸಂಖ್ಯೆಯಡಿ ಸೈಬರ್ ಅಪರಾಧ ದೂರುಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದಾಖಲಾಗುತ್ತದೆ. ಬಿಡುಗಡೆಯ ಆದೇಶ ಬರೆಯುವ ಮುನ್ನ ಆ ಪಟ್ಟಿಯನ್ನು ಮ್ಯಾಜಿಸ್ಟ್ರೇಟರ ಮುಂದಿಡುವ ಕರ್ತವ್ಯವನ್ನು ತನಿಖಾಧಿಕಾರಿಯ ಮೇಲೆ ನಿಯಮದಿಂದಲೇ ಹೊರಿಸಬೇಕು.