ಆಹಾರೋದ್ಯಮದ ಆರಂಭದಶೆ ಮತ್ತು ಸಹಾಯಧನ: ಒಂದು ಐತಿಹಾಸಿಕ ವಿವೇಚನೆ

ಆಹಾರವನ್ನು ಕೆಡದಂತೆ ಕಾಯ್ದಿಡುವ ವಿದ್ಯೆ ಮಾನವನಿಗೆ ಹೊಸದಲ್ಲ. ಉಪ್ಪು, ಬಿಸಿಲು, ಹೊಗೆ, ಎಣ್ಣೆ, ಬೆಲ್ಲಗಳ ನೆರವಿನಿಂದ ಎಲ್ಲ ನಾಡುಗಳ ಗೃಹಿಣಿಯರೂ ಈ ವಿದ್ಯೆಯನ್ನು ಅನಾದಿಯಿಂದ ನಡೆಸಿಕೊಂಡು ಬಂದಿದ್ದಾರೆ. ಮಲೆನಾಡಿನ ಮಿಡಿ ಉಪ್ಪಿನಕಾಯಿ, ಕರಾವಳಿಯ ಒಣಮೀನು, ಬಯಲುಸೀಮೆಯ ಸಂಡಿಗೆ ಇವೆಲ್ಲವೂ ಅದರ ಸಾಕ್ಷಿಗಳೇ. ಆದರೆ ಮನೆಯ ವಿದ್ಯೆಯು ಉದ್ಯಮವಾಗಿ ಪರಿಣಮಿಸಬೇಕಾದರೆ ಕೈಗುಣವೊಂದೇ ಸಾಲದು. ಇಂದು ಮಾಡಿದ ಪದಾರ್ಥವು ಆರು ತಿಂಗಳ ಅನಂತರವೂ ಸುಸ್ಥಿತಿಯಲ್ಲಿದೆಯೆಂದು ತೋರಿಸಲು ಆರು ತಿಂಗಳೇ ಕಾಯಬೇಕು. ಆ ಅವಧಿಯಲ್ಲಿ ಪಾತ್ರೆ, ಸೌದೆ, ಕೂಲಿ ಎಲ್ಲಕ್ಕೂ ಹಣ ವ್ಯಯವಾಗುತ್ತಲೇ ಇರುತ್ತದೆ. ಮಾರಾಟದಿಂದ ಒಂದು ಕಾಸೂ ಬಂದಿರುವುದಿಲ್ಲ. ಫಲ ಅನಿಶ್ಚಿತವಾದ ಇಂತಹ ಪ್ರಯೋಗಕ್ಕೆ ಸಾಹುಕಾರನು ಸಾಲ ಕೊಡಲು ಹಿಂಜರಿಯುವುದು ಸಹಜ. ಈ ಎಡೆಯಲ್ಲಿಯೇ ಹಿಂದಿರುಗಿಸಬೇಕಿಲ್ಲದ ಸಹಾಯಧನದ ಪ್ರಶ್ನೆ ಉದ್ಭವಿಸುತ್ತದೆ. ಪ್ರಭುತ್ವವು ಇಂತಹ ಧನವನ್ನು ಯಾವ ಘಟ್ಟದಲ್ಲಿ, ಯಾವ ಷರತ್ತಿನ ಮೇಲೆ ಕೊಟ್ಟಿತು, ಅದರ ಫಲ ಯಾರಿಗೆ ಸಂದಿತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಮೊದಲು ಸ್ಮರಿಸಬೇಕಾದ ಹೆಸರು ಫ್ರಾನ್ಸಿನ ನಿಕೊಲಾ ಅಪೇರನದು. ಶಾಂಪೇನ್ ಪ್ರಾಂತದ ಶಾಲೋನ್ ಪಟ್ಟಣದಲ್ಲಿ 1749ರಲ್ಲಿ ಜನಿಸಿದ ಈತನು ಒಬ್ಬ ಛತ್ರದವನ ಮಗ. ಅಡಿಗೆಯ ಕೆಲಸದಲ್ಲಿ ಪಳಗಿ, ಪ್ಯಾರಿಸ್ಸಿನ ಲೋಂಬಾರ್ ಬೀದಿಯಲ್ಲಿ ಮಿಠಾಯಿಯ ಅಂಗಡಿಯಿಟ್ಟು ಜೀವನ ಸಾಗಿಸಿದನು. ಸಕ್ಕರೆ, ಉಪ್ಪುಗಳಿಂದ ಪದಾರ್ಥದ ಮೂಲರುಚಿ ಮರೆಯಾಗುವುದನ್ನು ಕಂಡು ಬೇರೆ ಉಪಾಯವನ್ನು ಹುಡುಕತೊಡಗಿದನು. ಮಾಂಸ, ತರಕಾರಿ, ಹಾಲುಗಳನ್ನು ದಪ್ಪ ಗಾಜಿನ ಸೀಸೆಗಳಲ್ಲಿ ತುಂಬಿ, ಬಿರಡೆಯನ್ನು ಭದ್ರವಾಗಿ ಬಿಗಿದು, ಸೀಸೆಗಳನ್ನು ಕುದಿಯುವ ನೀರಿನಲ್ಲಿ ನಿಯತಕಾಲ ಇಡುವುದೇ ಆ ಉಪಾಯ. ಪ್ಯಾರಿಸ್ಸಿನ ಹತ್ತಿರದ ಮಾಸಿ ಎಂಬಲ್ಲಿ ಇದಕ್ಕಾಗಿ ಕಾರ್ಖಾನೆಯನ್ನೂ ಕಟ್ಟಿದನು. 1803ರಲ್ಲಿ ಬ್ರೆಸ್ಟ್ ಬಂದರಿನಲ್ಲಿ ಫ್ರೆಂಚ್ ನೌಕಾಪಡೆಯು ಈತನ ಪದಾರ್ಥಗಳನ್ನು ಪರೀಕ್ಷಿಸಿ ಮೆಚ್ಚಿಕೊಂಡಿತು. ಇಷ್ಟು ಕಾಲವೂ ಖರ್ಚಾದದ್ದು ಬಹುಮಟ್ಟಿಗೆ ಅಪೇರನ ಸ್ವಂತ ಹಣವೇ ಎಂಬುದನ್ನು ಗಮನಿಸಬೇಕು.

ಸೈನ್ಯದ ಆಹಾರಕ್ಕಾಗಿ ನೆಪೋಲಿಯನ್ನನು ಹನ್ನೆರಡು ಸಾವಿರ ಫ್ರಾಂಕುಗಳ ಸ್ಪರ್ಧೆಯನ್ನು ಸಾರಿದನು, ಅಪೇರನು ಅದನ್ನು ಗೆದ್ದನು ಎಂಬ ಕಥೆ ಅನೇಕ ಪುಸ್ತಕಗಳಲ್ಲಿ ಕಾಣಿಸುತ್ತದೆ. ಫ್ರಾನ್ಸಿನ ಇತ್ತೀಚಿನ ಸಂಶೋಧಕರು ಈ ಕಥೆಯನ್ನು ಒಪ್ಪುವುದಿಲ್ಲ. ಅವರು ತೋರಿಸುವ ಸಂಗತಿ ಕಥೆಗಿಂತ ಹೆಚ್ಚು ಬೋಧಪ್ರದವಾಗಿದೆ. 1801ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಮ ಪ್ರೋತ್ಸಾಹ ಸಂಘವು 1809ರಲ್ಲಿ ಅಪೇರನ ಪದಾರ್ಥಗಳನ್ನು ಪರೀಕ್ಷೆಗೆ ಒಳಪಡಿಸಿತು. ಪರೀಕ್ಷಕರಲ್ಲಿ ರಸಾಯನಶಾಸ್ತ್ರಜ್ಞ ಗಿತೋಂ ದ ಮೊರ್ವೊ ಮತ್ತು ಆಲೂಗೆಡ್ಡೆಯ ಪ್ರಚಾರದಿಂದ ಖ್ಯಾತನಾದ ಪಾರ್ಮಂತಿಯೆ ಇದ್ದರು. ಅನುಕೂಲವಾದ ವರದಿಯ ಬಲದಿಂದ ಅಪೇರನು ಸರ್ಕಾರವನ್ನು ಆಶ್ರಯಿಸಿದನು. 1810ರ ಜನವರಿಯಲ್ಲಿ ಒಳಾಡಳಿತ ಸಚಿವ ಮೋಂತಾಲಿವೆಯು 12,000 ಫ್ರಾಂಕುಗಳ ಪ್ರೋತ್ಸಾಹಧನವನ್ನು ಮಂಜೂರು ಮಾಡಿದನು. ಅದಕ್ಕೆ ಷರತ್ತು ಇತ್ತು: ಅಪೇರನು ತನ್ನ ವಿಧಾನವನ್ನು ವಿವರವಾಗಿ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, 200 ಪ್ರತಿಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಏಕಸ್ವಾಮ್ಯದ ಹಕ್ಕಿಗೂ ಈ ಧನಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ಅವನು ಧನವನ್ನು ಆರಿಸಿಕೊಂಡು ಗುಟ್ಟನ್ನು ಲೋಕಕ್ಕೆ ಬಿಟ್ಟುಕೊಟ್ಟನು. ಪುಸ್ತಕವು ಅದೇ ವರ್ಷ ಪ್ರಕಟವಾಯಿತು.

ಈ ವ್ಯವಹಾರದಲ್ಲಿ ಪ್ರಭುತ್ವದ ನಿಲುವು ನ್ಯಾಯವಾದುದೇ. ಸಾರ್ವಜನಿಕರ ಹಣಕ್ಕೆ ಪ್ರತಿಯಾಗಿ ಸಾರ್ವಜನಿಕವಾದ ಜ್ಞಾನವನ್ನು ಅದು ಕೇಳಿತು. ಆದರೆ ಜ್ಞಾನಕ್ಕೆ ಗಡಿಯಿಲ್ಲ. ಆಗ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದರೂ 1810ರ ಆಗಸ್ಟ್ ತಿಂಗಳಲ್ಲೇ ಲಂಡನ್ನಿನ ಪೀಟರ್ ಡುರಾಂಡನು ಇದೇ ಬಗೆಯ ವಿಧಾನಕ್ಕೆ ಪೇಟೆಂಟ್ ಪಡೆದನು. ಪರದೇಶದಲ್ಲಿರುವ ವಿದೇಶೀಯನೊಬ್ಬನಿಂದ ತನಗೆ ಇದು ತಿಳಿದುಬಂದಿತೆಂದು ಅವನೇ ಅದರಲ್ಲಿ ಹೇಳಿಕೊಂಡಿದ್ದಾನೆ. ಸೀಸೆಯೊಂದಿಗೆ ತವರದ ಡಬ್ಬಿಯೂ ಆ ಪೇಟೆಂಟಿನಲ್ಲಿ ಸೇರಿತ್ತು. ಯಂತ್ರಶಿಲ್ಪಿ ಬ್ರಯನ್ ಡಾಂಕಿನ್ನನು ಆ ಹಕ್ಕನ್ನು 1,000 ಪೌಂಡಿಗೆ ಕೊಂಡು, ಪಾಲುದಾರರೊಡನೆ ಲಂಡನ್ನಿನ ಬರ್ಮಂಡ್ಸಿಯಲ್ಲಿ ಡಬ್ಬಿಯ ಕಾರ್ಖಾನೆಯನ್ನು ನಡೆಸಿ, 1813ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆಗೆ ಆಹಾರವನ್ನು ಒದಗಿಸತೊಡಗಿದನು. ಫ್ರೆಂಚರ ಬೊಕ್ಕಸದ ಹಣದಿಂದ ಬಯಲಾದ ವಿದ್ಯೆಯು ಮೂರೇ ವರ್ಷಗಳಲ್ಲಿ ಅವರ ಶತ್ರುಗಳ ಹಡಗನ್ನೇರಿತು.

ಇತ್ತ ಅಪೇರನ ಗತಿ ಬೇರೆಯಾಯಿತು. ಪ್ರೋತ್ಸಾಹಧನವು ಹಳೆಯ ಪ್ರಯೋಗಗಳಿಗೆ ಸಂದ ಮನ್ನಣೆಯಾಗಿತ್ತೇ ಹೊರತು ಮುಂದಿನ ಉತ್ಪಾದನೆಗೆ ಬಂಡವಾಳವಾಗಲಿಲ್ಲ. ನೆಪೋಲಿಯನ್ನನ ಪತನಕಾಲದಲ್ಲಿ ಮಿತ್ರರಾಷ್ಟ್ರಗಳ ಸೈನ್ಯಗಳು ಫ್ರಾನ್ಸನ್ನು ಹೊಕ್ಕಾಗ ಮಾಸಿಯ ಕಾರ್ಖಾನೆ ಹಾಳಾಯಿತು. ಅನಂತರ ಕೆಲವು ಕಾಲ ಸರ್ಕಾರವು ಪ್ಯಾರಿಸ್ಸಿನಲ್ಲಿ ಜಾಗ ಕೊಟ್ಟಿತು. 1822ರಲ್ಲಿ ‘ಮಾನವಕುಲದ ಉಪಕಾರಿ’ ಎಂಬ ಬಿರುದೂ ದೊರೆಯಿತು. ಬಿರುದಿನಿಂದ ಒಲೆ ಉರಿಯುವುದಿಲ್ಲ. 1841ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅಪೇರನು ಬಡತನದಲ್ಲಿ ತೀರಿಕೊಂಡನು; ಅವನ ದೇಹವನ್ನು ಬಡವರ ಸಾಮೂಹಿಕ ಸಮಾಧಿಯಲ್ಲಿ ಹೂಳಲಾಯಿತು. ಅವನ ವಿಧಾನದ ಶಾಸ್ತ್ರೀಯ ಕಾರಣವನ್ನು ಪಾಶ್ಚರನು ವಿವರಿಸಿದ್ದು ಆಮೇಲೆ, 1860ರ ದಶಕದಲ್ಲಿ.

ಇದೊಂದು ಬಿಡಿ ದುರಂತವೆಂದು ತಳ್ಳಿಹಾಕುವಂತಿಲ್ಲ. ಬೆಣ್ಣೆಯ ಬದಲಿಗೆ ಅಗ್ಗವಾದ ಪದಾರ್ಥವೊಂದು ಬೇಕೆಂದು ಮೂರನೆಯ ನೆಪೋಲಿಯನ್ನನ ಸರ್ಕಾರ ಬಯಸಿದಾಗ ಮೇಜ್ ಮೂರಿಯೆ ಎಂಬ ರಸಾಯನಶಾಸ್ತ್ರಜ್ಞನು ಮಾರ್ಗರಿನ್ನನ್ನು ರೂಪಿಸಿ 1869ರಲ್ಲಿ ಪೇಟೆಂಟ್ ಪಡೆದನು. ಅಪೇರನಿಗೆ ಇಲ್ಲದ ಹಕ್ಕು ಇವನಿಗಿತ್ತು. ಆದರೆ ದೊಡ್ಡ ಪ್ರಮಾಣದ ಉತ್ಪಾದನೆಗೆ ಒತ್ತಾಸೆಯಿರಲಿಲ್ಲ. 1871ರಲ್ಲಿ ಹಾಲೆಂಡಿನ ಯೂರ್ಗೆನ್ಸ್ ಮನೆತನಕ್ಕೆ ವಿದ್ಯೆಯನ್ನು ಮಾರಿದನು. ಆ ಮನೆತನದ ವ್ಯಾಪಾರವು ಬೆಳೆದು ಮುಂದೆ ಯೂನಿಲೀವರ್ ಸಂಸ್ಥೆಯಲ್ಲಿ ವಿಲೀನವಾಯಿತು. ಮೇಜ್ ಮೂರಿಯೆ 1880ರಲ್ಲಿ ನಿರ್ಗತಿಕನಾಗಿ ಸತ್ತನು. ಗುಟ್ಟನ್ನು ಬಿಟ್ಟುಕೊಟ್ಟವನೂ ಉಳಿಯಲಿಲ್ಲ, ಇಟ್ಟುಕೊಂಡವನೂ ಉಳಿಯಲಿಲ್ಲವೆಂದ ಮೇಲೆ ಕೊರತೆಯಿದ್ದುದು ಹಕ್ಕಿನಲ್ಲಿ ಮಾತ್ರವಲ್ಲ; ಪ್ರಯೋಗಕ್ಕೂ ಪೇಟೆಗೂ ನಡುವಣ ದಾರಿಯಲ್ಲಿ.

ಸ್ವತಂತ್ರ ಭಾರತವು ಈ ಸಮಸ್ಯೆಯನ್ನು ಬೇರೊಂದು ಕಡೆಯಿಂದ ಕೈಗೆತ್ತಿಕೊಂಡಿತು. ಪ್ರಯೋಗದ ನಷ್ಟವನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟದೆ ಪ್ರಭುತ್ವವೇ ಹೊರುವ ಏರ್ಪಾಡು ಅದು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರ ಅಕ್ಟೋಬರ್ 21ರಂದು ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈ ನೀತಿಯ ಫಲ. ಅದರ ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಇಂತಹ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ಸಿದ್ಧವಾದ ವಿಧಾನಗಳನ್ನು ಉದ್ಯಮಿಗಳಿಗೆ ಒಪ್ಪಂದದ ಮೇಲೆ ಒದಗಿಸಲು 1953ರಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮವೂ ಸ್ಥಾಪಿತವಾಯಿತು. ಎಮ್ಮೆಯ ಹಾಲಿನಿಂದ ಶಿಶುಆಹಾರ ಮಾಡುವ ಮೈಸೂರಿನ ವಿಧಾನವು ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಂಘದ ಕೈಸೇರಿ ಅಮೂಲ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದುದು ಈ ಏರ್ಪಾಡಿನ ಪ್ರಸಿದ್ಧ ಉದಾಹರಣೆ.

ಆ ಖೇಡಾ ಸಂಘದ ಕಥೆಯು ಮುಂಬಯಿಯ ನಿವಾಸಿಗಳಿಗೆ ಅಪರಿಚಿತವಲ್ಲ. ಅದರ ಹಾಲು ಬರುತ್ತಿದ್ದುದು ಈ ನಗರಕ್ಕೇ. 1946ರಲ್ಲಿ ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ ಹುಟ್ಟಿದ ಸಂಘಕ್ಕೆ ಚಳಿಗಾಲದಲ್ಲಿ ಹಾಲು ಹೆಚ್ಚಾಗುವುದೇ ಕಂಟಕವಾಗಿತ್ತು. ಮುಂಬಯಿಯು ಅದನ್ನೆಲ್ಲ ಕೊಳ್ಳುತ್ತಿರಲಿಲ್ಲ. ಹೆಚ್ಚಿನ ಹಾಲನ್ನು ಪುಡಿ ಮಾಡಬೇಕೆಂದರೆ, ಎಮ್ಮೆಯ ಹಾಲಿನಿಂದ ಪುಡಿ ಸಾಧ್ಯವಿಲ್ಲವೆಂದು ಪಾಶ್ಚಾತ್ಯ ತಜ್ಞರು ಹೇಳುತ್ತಿದ್ದರು. ಎಚ್. ಎಂ. ದಲಾಯ ಅವರು ಪ್ರಯೋಗದಿಂದ ಆ ಮಾತನ್ನು ಸುಳ್ಳಾಗಿಸಿದರು. ಅನಂತರ ವಿಶ್ವಸಂಸ್ಥೆಯ ಮಕ್ಕಳ ನಿಧಿಯು ಯಂತ್ರಗಳನ್ನು ದಾನವಾಗಿ ಕೊಟ್ಟಿತು. ಪ್ರತಿಯಾಗಿ ಜಿಲ್ಲೆಯ ಬಡಮಕ್ಕಳಿಗೆ ಸಂಘವು ಹಾಲು ಹಂಚಬೇಕೆಂಬುದು ಷರತ್ತು. ಹೊಸ ಡೈರಿಯನ್ನು 1955ರ ಅಕ್ಟೋಬರ್ 31ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅಪೇರನಿಂದ ಪ್ರಭುತ್ವವು ಗುಟ್ಟನ್ನು ಕೇಳಿತು. ಖೇಡಾದಲ್ಲಿ ದಾನಿಯು ಕೇಳಿದ್ದು ಹಾಲನ್ನು. ಗುಟ್ಟು ಒಮ್ಮೆ ಕೊಟ್ಟರೆ ಮುಗಿಯಿತು. ಹಾಲನ್ನು ದಿನದಿನವೂ ಕೊಡಬೇಕಾದರೆ ಡೈರಿಯು ದಿನದಿನವೂ ನಡೆಯಲೇಬೇಕು. ಹೀಗೆ ಷರತ್ತೇ ಉದ್ಯಮದ ಉಳಿವಿಗೆ ಸಾಧಕವಾಯಿತು. ಸಂಘದ ಹಿಂದೆ ಸಾವಿರಾರು ರೈತರೂ ಮುಂಬಯಿಯ ಮಾರುಕಟ್ಟೆಯೂ ಇದ್ದುವೆಂಬುದನ್ನೂ ಮರೆಯುವಂತಿಲ್ಲ. ಅಪೇರನ ಹಿಂದೆ ಯಾರೂ ಇರಲಿಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಸಹಾಯಧನವು ಮತ್ತೆ ವ್ಯಕ್ತಿಯ ಕಡೆಗೂ ಚಿಕ್ಕ ತಂಡದ ಕಡೆಗೂ ತಿರುಗಿದೆ. ಕೇಂದ್ರ ಸರ್ಕಾರವು 2012ರಲ್ಲಿ ಸ್ಥಾಪಿಸಿದ ಜೈವಿಕ ತಂತ್ರಜ್ಞಾನ ಉದ್ಯಮ ಸಂಶೋಧನಾ ನೆರವು ಮಂಡಳಿಯು ಹೊಸ ಕಲ್ಪನೆಗಳ ಪರೀಕ್ಷೆಗೆ 50 ಲಕ್ಷ ರೂಪಾಯಿಗಳವರೆಗೆ ಧನವನ್ನು ನೀಡತೊಡಗಿತು. 2020ರಲ್ಲಿ ಘೋಷಿತವಾದ ಕಿರು ಆಹಾರ ಸಂಸ್ಕರಣ ಉದ್ಯಮಗಳ ಯೋಜನೆಯು ವೆಚ್ಚದ ಶೇಕಡಾ 35ರಷ್ಟನ್ನು, 10 ಲಕ್ಷ ರೂಪಾಯಿಗಳ ಮಿತಿಗೊಳಪಟ್ಟು, ಬ್ಯಾಂಕಿನ ಸಾಲದೊಡನೆ ಜೋಡಿಸಿತು. 2021ರಲ್ಲಿ 945 ಕೋಟಿ ರೂಪಾಯಿಗಳ ಗಾತ್ರದಲ್ಲಿ ಆರಂಭವಾದ ನವೋದ್ಯಮ ಬೀಜಧನ ಯೋಜನೆಯು ಎರಡು ಮೆಟ್ಟಿಲುಗಳನ್ನು ಕಲ್ಪಿಸಿತು: ಪ್ರಯೋಗಕ್ಕೆ 20 ಲಕ್ಷದವರೆಗೆ ಸಹಾಯಧನ, ಪೇಟೆಯ ಪ್ರವೇಶಕ್ಕೆ 50 ಲಕ್ಷದವರೆಗೆ ಸಾಲದ ಸ್ವರೂಪದ ಬಂಡವಾಳ. ಅಪೇರನೂ ಮೇಜ್ ಮೂರಿಯೆಯೂ ಮುಗ್ಗರಿಸಿದ ಎಡೆಯಲ್ಲಿಯೇ ಈ ಎರಡನೆಯ ಮೆಟ್ಟಿಲನ್ನು ಇಟ್ಟಿರುವುದು ಲಕ್ಷಿಸಬೇಕಾದ ಸಂಗತಿ.

ಆದರೂ ಆಹಾರದ ಉದ್ಯಮಕ್ಕೆ ತನ್ನದೇ ಆದ ಕಾಲಗತಿಯಿದೆ. ಸರ್ಕಾರದ ಕಂತು ವರ್ಷದ ಲೆಕ್ಕವನ್ನು ನೋಡುತ್ತದೆ. ಪದಾರ್ಥವು ಋತುವನ್ನು ನೋಡುತ್ತದೆ. ಮಾವಿನ ಕಾಲ ಕಳೆದ ಮೇಲೆ ಬಂದ ಹಣದಿಂದ ಮುಂದಿನ ಬೇಸಗೆಯವರೆಗೆ ಮಾವಿನ ಪ್ರಯೋಗ ನಡೆಯುವಂತಿಲ್ಲ. ಪರ ಊರುಗಳಿಗೆ ಬಂದು ಚಿಕ್ಕ ಖಾನಾವಳಿಯಿಂದ ಆರಂಭಿಸಿ ಹೆಸರು ಗಳಿಸಿದ ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅವರಿಗೆ ದೊರೆತ ಬೀಜಧನವು ಬಂಧುಗಳ ಕೈಸಾಲವಾಗಿತ್ತು, ಷರತ್ತು ಮುಖದಾಕ್ಷಿಣ್ಯವಾಗಿತ್ತು. ಅಂತಹ ಬಂಧುಬಲವಿಲ್ಲದವನಿಗೂ ಅವಕಾಶ ದೊರೆಯಬೇಕೆಂಬುದೇ ಸಾರ್ವಜನಿಕ ಸಹಾಯಧನಕ್ಕೆ ಇರುವ ನೈತಿಕ ಸಮರ್ಥನೆ.

ಒಟ್ಟಿನಲ್ಲಿ, ಸಹಾಯಧನದ ಮೌಲ್ಯವನ್ನು ಅದರ ಮೊತ್ತದಿಂದ ಅಳೆಯುವುದು ಸರಿಯಲ್ಲವೆಂದು ಈ ಚರಿತ್ರೆ ತಿಳಿಸುತ್ತದೆ. 12,000 ಫ್ರಾಂಕುಗಳು ಅಲ್ಪವಾಗಿರಲಿಲ್ಲ. ಆ ಹಣದಿಂದ ಲೋಕಕ್ಕೆ ಒಂದು ಮಹಾವಿದ್ಯೆ ಲಭಿಸಿತು. ವಿದ್ಯೆಯನ್ನು ಕೊಟ್ಟವನಿಗೆ ಮಾತ್ರ ಒಂದು ಕಾರ್ಖಾನೆಯೂ ಉಳಿಯಲಿಲ್ಲ. ಜನರ ಹಣ ಪಡೆದವನು ಜನರಿಗೆ ಏನನ್ನಾದರೂ ಹಿಂದಿರುಗಿಸಬೇಕೆಂಬ ನಿಯಮ ಯುಕ್ತವಾದುದು; ಹಿಂದಿರುಗಿಸುವಷ್ಟು ಕಾಲ ಅವನು ಬದುಕಿ ಬಾಳುವಂತೆ ನೋಡಿಕೊಳ್ಳುವುದು ಆ ನಿಯಮದ ಇನ್ನೊಂದು ಅರ್ಧ.