ನಕ್ಷೆ ತಂತ್ರಾಂಶದಲ್ಲಿ ನೋಟದ ನಿಯಂತ್ರಣ: ರಾಯಬಾಗದ ಉದಾಹರಣೆ

ಗಣಕಯಂತ್ರದಲ್ಲಿ ನಕ್ಷೆ ರಚಿಸಲು ಕಲಿಯುವವರು ಗೆರೆ ಎಳೆಯುವುದಕ್ಕೆ ಮೊದಲು ಅರಿಯಬೇಕಾದದ್ದು, ಪರದೆಯ ಮೇಲೆ ನಕ್ಷೆಯನ್ನು ಸರಿಸುವ, ಹಿಗ್ಗಿಸುವ ಹಾಗೂ ಕುಗ್ಗಿಸುವ ವಿಧಾನ. ಈ ಕ್ರಿಯೆಗಳಿಂದ ನಕ್ಷೆಯ ಮಾಹಿತಿ ಕಿಂಚಿತ್ತೂ ಬದಲಾಗುವುದಿಲ್ಲ. ಬದಲಾಗುವುದು ನೋಟ ಮಾತ್ರ. ಆದರೆ ಯಾವ ನೋಟದಲ್ಲಿ ಗೆರೆ ಎಳೆಯಲಾಯಿತು ಎಂಬುದನ್ನು ಆ ಗೆರೆಯ ನಿಖರತೆ ಅವಲಂಬಿಸಿದೆ. 2002ರಲ್ಲಿ ಆರಂಭಗೊಂಡ, ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ ಕ್ಯೂಜಿಐಎಸ್‌ನ ಮೂಲಕ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕನ್ನು ನೋಡುತ್ತ ಇದನ್ನು ಅರಿಯಬಹುದಾಗಿದೆ.

ಸ್ಥಳ ತಲುಪುವುದು

ರಾಯಬಾಗ ಪಟ್ಟಣವು ಸುಮಾರು 16.49 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 74.78 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಪರದೆಯ ಕೆಳ ಅಂಚಿನಲ್ಲಿರುವ ನಿರ್ದೇಶಾಂಕಗಳ ಚೌಕದಲ್ಲಿ ಈ ಅಂಕಿಗಳನ್ನು ಬರೆದು ಎಂಟರ್ ಕೀಲಿ ಒತ್ತಿದರೆ ಆ ಸ್ಥಳ ಪರದೆಯ ಮಧ್ಯಕ್ಕೆ ಬರುತ್ತದೆ. ನಕ್ಷೆ ಡಿಗ್ರಿ ಪದ್ಧತಿಯಲ್ಲಿದ್ದಾಗ ಸಾಮಾನ್ಯವಾಗಿ ಮೊದಲು ರೇಖಾಂಶ, ಅಲ್ಪವಿರಾಮದ ನಂತರ ಅಕ್ಷಾಂಶ ಬರೆಯಬೇಕು. ಕ್ರಮ ಅದಲುಬದಲಾದರೆ ನೋಟವು ರಾಯಬಾಗದ ಬದಲು ನಾರ್ವೆ ದೇಶದ ಉತ್ತರಕ್ಕಿರುವ ಸಮುದ್ರಕ್ಕೆ ಹೋಗಿ ನಿಲ್ಲುತ್ತದೆ.

ಸರಿಸುವುದು, ಹಿಗ್ಗಿಸುವುದು

ಹಸ್ತದ ಚಿಹ್ನೆಯನ್ನು ಆರಿಸಿ ನಕ್ಷೆಯನ್ನು ಎಳೆಯಬಹುದು. ಗೆರೆ ಎಳೆಯುತ್ತಿರುವಾಗ ಆ ಕೆಲಸವನ್ನು ನಿಲ್ಲಿಸದೆ, ಸ್ಪೇಸ್ ಬಾರ್ ಒತ್ತಿ ಹಿಡಿದು ಮೌಸ್ ಚಲಿಸಿದರೂ ನಕ್ಷೆ ಸರಿಯುತ್ತದೆ. ಮಿರಜ-ಲೋಂಡಾ ರೈಲು ಮಾರ್ಗವನ್ನು ಕುಡಚಿಯಿಂದ ಚಿಂಚಲಿಯ ಮೂಲಕ ರಾಯಬಾಗ ನಿಲ್ದಾಣದವರೆಗೆ ಹಿಂಬಾಲಿಸುವುದು ಇದಕ್ಕೆ ಉತ್ತಮ ಅಭ್ಯಾಸ.

ಮೌಸ್‌ನ ಚಕ್ರ ತಿರುಗಿಸಿದರೆ ನೋಟ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಕಂಟ್ರೋಲ್ ಕೀಲಿಯನ್ನೂ ಒತ್ತಿ ಹಿಡಿದರೆ ಬದಲಾವಣೆ ಸಣ್ಣ ಹೆಜ್ಜೆಗಳಲ್ಲಿ ಆಗುತ್ತದೆ. ಭೂತಗನ್ನಡಿಯ ಚಿಹ್ನೆಯಿಂದ ಬೇಕಾದ ಪ್ರದೇಶದ ಸುತ್ತ ಚೌಕ ಎಳೆದರೆ ಅಷ್ಟು ಭಾಗವೇ ಪರದೆಯನ್ನು ತುಂಬುತ್ತದೆ. ನಕ್ಷೆ ಕಣ್ಮರೆಯಾದಾಗ ಗಾಬರಿಪಡಬೇಕಿಲ್ಲ. ಸಂಪೂರ್ಣ ನೋಟ, ಆರಿಸಿದ ಪದರದ ನೋಟ, ಹಿಂದಿನ ನೋಟ ಎಂಬ ಮೂರು ಸೌಲಭ್ಯಗಳು ಮರಳಿ ದಾರಿಗೆ ತರುತ್ತವೆ. ಪದೇ ಪದೇ ನೋಡಬೇಕಾದ ಸ್ಥಳವನ್ನು ಹೆಸರಿಟ್ಟು ಉಳಿಸಿಕೊಳ್ಳಲೂ ಅವಕಾಶವಿದೆ.

ಮಾನದ ಮಹತ್ವ

ಕೃಷ್ಣಾ ನದಿಯ ದಕ್ಷಿಣ ದಂಡೆಯಲ್ಲಿ ಕುಡಚಿ, ಉತ್ತರ ದಂಡೆಯ ಕಡೆ ಉಗಾರ ಇವೆ. 2019ರ ಆಗಸ್ಟ್ ತಿಂಗಳಿನಲ್ಲಿ ಜಿಲ್ಲೆಯ ನದಿತೀರದ ಗ್ರಾಮಗಳು ಭೀಕರ ಪ್ರವಾಹವನ್ನು ಕಂಡವು. ಇಂಥಲ್ಲಿ ನೀರು ಬಂದ ಎಲ್ಲೆಯನ್ನು ನಕ್ಷೆಯಲ್ಲಿ ಗುರುತಿಸುವಾಗ, ಒಂದು ಮನೆ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂಬುದು ಸಣ್ಣ ಸಂಗತಿಯಲ್ಲ.

ಪರದೆಯ ಕೆಳಭಾಗದಲ್ಲಿ ಕಾಣುವ ಮಾನವು 1:50,000 ಎಂದಿದ್ದರೆ, ಪರದೆಯ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್‌ಗೆ ಸಮ. ಆ ನೋಟದಲ್ಲಿ ಕೈ 1 ಮಿಲಿಮೀಟರ್ ಜಾರಿದರೆ ಒಂದು ಓಣಿಯೇ ಗೆರೆಯ ಆಚೆಗೆ ಹೋಗಬಹುದು. 1:2,000 ಮಾನದಲ್ಲಿ ಅದೇ ಜಾರುವಿಕೆ ಕೇವಲ 2 ಮೀಟರ್. ಆದ್ದರಿಂದ ದೂರದ ನೋಟದಲ್ಲಿ ಸ್ಥಳವನ್ನು ಹುಡುಕಿ, ಸಮೀಪದ ನೋಟದಲ್ಲಿ ಗೆರೆ ಎಳೆದು, ಮತ್ತೆ ದೂರದಿಂದ ಪರಿಶೀಲಿಸುವುದು ಸರಿಯಾದ ಕ್ರಮ. ಒಂದು ಕೆಲಸ ಮುಗಿಯುವವರೆಗೆ ಒಂದೇ ಮಾನವನ್ನು ಉಳಿಸಿಕೊಳ್ಳುವುದೂ ಒಳ್ಳೆಯದು.

ಮಿತಿಗಳು

ನೋಟವನ್ನು ಎಷ್ಟು ಹಿಗ್ಗಿಸಿದರೂ ಮೂಲದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಮಾನದ ಹಾಳೆಯನ್ನು ಪರದೆಯಲ್ಲಿ 1:2,000ಕ್ಕೆ ಹಿಗ್ಗಿಸಿದರೂ ಅದರ ನಿಖರತೆ ಮೊದಲಿನಷ್ಟೇ ಇರುತ್ತದೆ. ಉಪಗ್ರಹ ಚಿತ್ರವೂ ಒಂದು ಹಂತದ ನಂತರ ಬಣ್ಣದ ಚೌಕಗಳಾಗಿ ಒಡೆಯುತ್ತದೆ. ಹೊಲದ ಎಲ್ಲೆಯ ವಿವಾದಗಳಲ್ಲಿ ಇಂಥ ನಕ್ಷೆ ತಿಳಿವಳಿಕೆಗಷ್ಟೇ ಒದಗುತ್ತದೆ. ಭೂಮಾಪಕರ ಅಳತೆಗೆ ಅದು ಬದಲಿಯಲ್ಲ. ನಕ್ಷೆಯನ್ನು ಇತರರಿಗೆ ನೀಡುವಾಗ ಮೂಲ ಯಾವುದು, ಯಾವ ಮಾನದಲ್ಲಿ ಗೆರೆ ಎಳೆಯಲಾಯಿತು ಎಂಬುದನ್ನು ಅದರ ಮೇಲೆಯೇ ನಮೂದಿಸುವುದು ಅಗತ್ಯ.